ಬುಧವಾರದ ತುಟಿಮಾತು

ಬ್ರಾಕ್‌ಡನ್ನಿನಲ್ಲಿ ಗೋಡೆಗೆ ಕಿವಿಯಿಲ್ಲ, ಕಣ್ಣಿದೆ. ಗಿರಣಿಯಲ್ಲಿ ನೂರಾರು ಮಗ್ಗ ಒಟ್ಟಿಗೆ ಬಡಿಯುವಾಗ ಪಕ್ಕದವಳು ಕಿರುಚಿಕೊಂಡರೂ ಕೇಳಿಸುವುದಿಲ್ಲ. ಹಾಗಾಗಿ ಲ್ಯಾಂಕಶೈರಿನ ನಮ್ಮ ನೇಕಾರ ಹೆಂಗಸರು ದನಿಯ ಗೊಡವೆಯನ್ನೇ ಬಿಟ್ಟು ತುಟಿಯಲ್ಲಿ ಮಾತಾಡುವುದನ್ನು ಕಲಿತರು. ಬಾಯಿ ಅಗಲಿಸಿ, ಹುಬ್ಬು ಏರಿಸಿ, ಒಂದೊಂದು ಮಾತನ್ನೂ ತುಟಿಯ ಮೇಲೆ ಬರೆದು ತೋರಿಸುತ್ತಾರೆ. ಬೀದಿಯ ಆಚೆ ಬದಿಯಲ್ಲಿ ಒಬ್ಬಳು ಅತ್ತೆಯನ್ನು ಬೈದುಕೊಂಡರೆ ಈಚೆ ಬದಿಯವಳು ಅದನ್ನು ಓದಿ, ಅತ್ತೆಗೇ ಹೋಗಿ ಮುಟ್ಟಿಸಬಲ್ಲಳು. ಇಲ್ಲಿ ಗುಟ್ಟು ಹೇಳುವವರು ದನಿ ತಗ್ಗಿಸುವುದಿಲ್ಲ, ಬೆನ್ನು ತಿರುಗಿಸುತ್ತಾರೆ. ಹನ್ನೆರಡನೇ ವಯಸ್ಸಿಗೇ ಗಿರಣಿ ಸೇರಿದ ಆಲ್ಮಾ ಎಂಟ್‌ವಿಸಲ್‌ಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೂ ಒಂದು ದಿನ ಮರೆತಳು.

ಆಲ್ಮಾ ಹುಟ್ಟಿದ ವಾರವೇ ಲಂಡನ್ನಿನಲ್ಲಿ ‘ಚಿಮ್ನಿ ಕಾರ್ನರ್’ ವಾರಪತ್ರಿಕೆಯ ಮೊದಲ ಸಂಚಿಕೆ ಹೊರಬಂತಂತೆ. ಅವಳ ತಾಯಿ ಸಾಯುವತನಕ ಹೇಳಿಕೊಂಡು ನಗುತ್ತಿದ್ದಳು: “ನಂಗೆ ಅವಳಿ ಕಣ್ರೇ. ಒಂದು ಹಾಲು ಕೇಳುತ್ತೆ, ಇನ್ನೊಂದು ವಾರಕ್ಕೊಂದು ಪೆನ್ನಿ ಕೇಳುತ್ತೆ.” ಮುಖಪುಟದಲ್ಲಿ ಒಲೆಯ ಮುಂದೆ ಮುದುಡಿ ಮಲಗಿದ ಬೆಕ್ಕು. ಒಳಗೆ ಒಂದೇ ಎಲುಬಿನಿಂದ ವಾರವಿಡೀ ಸಾರು ತೆಗೆಯುವ ಬಗೆ, ಮಕ್ಕಳ ಕೆಮ್ಮಿಗೆ ಈರುಳ್ಳಿ ಕಷಾಯ, ಉಲ್ಲನ್ ಅಂಗಿ ಹೆಣೆಯುವ ನಮೂನೆ, ಬಿಳುಚಿಕೊಂಡ ಹುಡುಗಿಯರಿಗೆ ಗುಲಾಬಿ ಗುಳಿಗೆಯ ಜಾಹೀರಾತು. ನಡುಪುಟದಲ್ಲಿ ‘ಪ್ರೂಡೆನ್ಸ್ ಅತ್ತೆ’ ಎಂಬಾಕೆ ಗಂಡ ಹೆಂಡಿರ ಜಗಳ ಬಿಡಿಸುತ್ತಿದ್ದಳು. ಆ ಪ್ರೂಡೆನ್ಸ್ ಅತ್ತೆ ಅಸಲಿಗೆ ಗಡ್ಡಬಿಟ್ಟ ಗಂಡಸು ಎಂದು ಯಾರೋ ಸುದ್ದಿ ತಂದಾಗ ನಮ್ಮ ಹೆಂಗಸರು ಯಾರೂ ನಂಬಲಿಲ್ಲ. ಗಂಡಸಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು! ಇವೆಲ್ಲ ಇದ್ದರೂ ಜೀವ ಹಿಡಿದು ಕಾಯುತ್ತಿದ್ದದ್ದು ಮಾತ್ರ ಕೊನೆಯ ಪುಟದ ಧಾರಾವಾಹಿಗೆ.

ಆಲ್ಮಾಳ ಸಾಲಿನ ಎಂಟು ಹೆಂಗಸರಿಗೆ ಸೇರಿ ಒಂದೇ ಪ್ರತಿ. ಪ್ರತಿ ಬುಧವಾರ ಮುಂಜಾನೆ ಒಬ್ಬಳು ಅಂಗಡಿಯಿಂದ ಅದನ್ನು ತಂದು, ದಾರಿಯಲ್ಲೇ ಧಾರಾವಾಹಿ ಓದಿಕೊಂಡು, ಮಗ್ಗ ಶುರುವಾದ ಮೇಲೆ ಸಾಲಿಗೆಲ್ಲ ತುಟಿಯಲ್ಲಿ ಕಥೆ ಹೇಳಬೇಕು. ಉಳಿದವರು ಕೈಯಲ್ಲಿ ಲಾಳಿ ಬದಲಿಸುತ್ತ, ಹರಿದ ಎಳೆ ಗಂಟು ಹಾಕುತ್ತ, ಕಣ್ಣು ಮಾತ್ರ ಅವಳ ಬಾಯಿಯ ಮೇಲಿಟ್ಟಿರುತ್ತಿದ್ದರು. ಮೊದಲು ಈ ಕೆಲಸ ಆಲ್ಮಾಳ ತಾಯಿಯದು. ಆಕೆ ಹೋದ ಮೇಲೆ ಮಗ್ಗಗಳೂ ಕಥೆಯೂ ಒಟ್ಟಿಗೆ ಮಗಳ ಪಾಲಿಗೆ ಬಂದವು. ಮೊದಲ ಮಹಾಯುದ್ಧದಲ್ಲಿ ಪತ್ರಿಕೆ ಸೈನಿಕರ ಕಾಲುಚೀಲ ಹೆಣೆಯುವುದನ್ನು ಕಲಿಸಿತು, ಆಲ್ಮಾ ಹೆಣೆದಳು. ಆಮೇಲೆ ಮುಖಪುಟದ ಬೆಕ್ಕಿಗೆ ಬಣ್ಣ ಬಂತು. ಆಲ್ಮಾ ಸೆಪ್ಟಿಮಸ್ ಎಂಬ ಸಾಧು ಮನುಷ್ಯನನ್ನು ಮದುವೆಯಾದಳು. ಮಕ್ಕಳಾಗಲಿಲ್ಲ, ಪಾರಿವಾಳಗಳಾದವು. ಸೆಪ್ ಹಿತ್ತಲಲ್ಲಿ ಗೂಡು ಕಟ್ಟಿ, ಪಂದ್ಯದ ಪಾರಿವಾಳ ಸಾಕಿ, ಅವುಗಳ ಜತೆ ಹೆಂಡತಿಗಿಂತ ಹೆಚ್ಚು ಮಾತಾಡುತ್ತಿದ್ದ.

ಎರಡನೆಯ ಮಹಾಯುದ್ಧ ಬಂದಾಗ ಪತ್ರಿಕೆ ಸೊರಗಿತು. ಹೊರದೇಶದ ಕಾಗದ ಬರುವುದು ನಿಂತು, ‘ಚಿಮ್ನಿ ಕಾರ್ನರ್’ ಚರ್ಚಿನ ಹಾಡಿನ ಪುಸ್ತಕದಷ್ಟು ತೆಳ್ಳಗಾಯಿತು. ಅಕ್ಷರ ಇರುವೆಯಷ್ಟು. ಬೆಕ್ಕಿನ ಬಣ್ಣವೂ ಹೋಯಿತು. ಅಂಗಡಿಗೆ ಬರುವ ಪ್ರತಿಗಳಿಗೂ ಕಟ್ಟುಪಾಡು. ಹೊಸಬರಿಗೆ ಬೇಕೆಂದರೆ ಹಳಬರು ಯಾರಾದರೂ ಊರು ಬಿಡಬೇಕು, ಇಲ್ಲವೇ ಲೋಕ ಬಿಡಬೇಕು. ಅಂಗಡಿಯ ಟಟರ್ಸಾಲ್ ಬಳಿ ಕಾಯುವವರ ಸಾಲು ಉದ್ದಕ್ಕಿತ್ತು.

ಅದೇ ಹೊತ್ತಿನಲ್ಲಿ ಕ್ಲಾರಿಸ್‌ಳ ಮಗ ಕಾಣೆಯಾದ. ಕ್ಲಾರಿಸ್ ಆಲ್ಮಾಳ ಎದುರು ಮಗ್ಗದವಳು, ಚಿಕ್ಕಂದಿನ ಗೆಳತಿ, ವಿಧವೆ. ಇದ್ದೊಬ್ಬ ಮಗ ವಿಲ್ಫ್ ಪಲ್ಟನ್ನಿನ ಜತೆ ಸಿಂಗಾಪುರಕ್ಕೆ ಹೋಗಿದ್ದ. ಸಿಂಗಾಪುರ ಜಪಾನೀಯರ ಕೈಗೆ ಬಿತ್ತು. ವಿಲ್ಫ್ ಸತ್ತನೆಂದು ಯಾರೂ ಹೇಳಲಿಲ್ಲ, ಬದುಕಿದ್ದಾನೆಂದೂ ಹೇಳಲಿಲ್ಲ. ಪಾದ್ರಿ ಬಂದು ಸಮಾಧಾನ ಹೇಳಹೊರಟರೆ ಕ್ಲಾರಿಸ್, “ಇನ್ನೂ ಸಾವಿನ ಮನೆ ಟೀ ಕಾಯ್ಸಿಲ್ಲ, ಹೋಗ್ಬನ್ನಿ ಸ್ವಾಮಿ,” ಎಂದು ಬಾಗಿಲು ಹಾಕಿಕೊಂಡಳು. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಒಣಗಿ ಕಡ್ಡಿಯಾಗುತ್ತಿದ್ದಳು.

ಆಗ ನಡೆಯುತ್ತಿದ್ದ ಧಾರಾವಾಹಿಯಲ್ಲಿ ರೋಸಮಂಡ್ ಎಂಬ ನರ್ಸು, ಅವಳನ್ನು ಮದುವೆಯಾಗಬೇಕಿದ್ದ ಡೆರಿಕ್ ಎಂಬ ನಾವಿಕ. ಅವನ ಹಡಗು ಮುಳುಗಿ, ಅವನೊಬ್ಬನೇ ಸಣ್ಣ ದೋಣಿಯಲ್ಲಿ ಸಮುದ್ರದ ಪಾಲಾಗಿದ್ದ. ಆ ಕಂತು ಹೇಳಿ ಮುಗಿಸಿದಾಗ ಎದುರಿನಿಂದ ಕ್ಲಾರಿಸ್‌ಳ ತುಟಿ ಆಡಿತು.

“ಇವ್ನು ಬಂದ್ರೆ ನನ್ ವಿಲ್ಫೂ ಬರ್ತಾನೆ.”

“ಹುಚ್ಚಿ, ಅದು ಕಥೆ ಕಣೇ,” ಎಂದಿತು ಆಲ್ಮಾಳ ತುಟಿ.

“ಇರ್ಲಿ. ಎರಡನ್ನೂ ಸೇರ್ಸಿ ಗಂಟು ಹಾಕ್ಬಿಟ್ಟಿದೀನಿ.”

ನೇಕಾರಳು ಹಾಕಿದ ಗಂಟು ಅಷ್ಟು ಸುಲಭಕ್ಕೆ ಬಿಚ್ಚುವುದಿಲ್ಲ. ಅಂದಿನಿಂದ ಕ್ಲಾರಿಸ್ ಬುಧವಾರಕ್ಕೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದಳು. ಬುಧವಾರ ಮಾತ್ರ ಬುತ್ತಿಯ ರೊಟ್ಟಿ ಪೂರ್ತಿ ತಿನ್ನುತ್ತಿದ್ದಳು.

ಇಷ್ಟರ ಮೇಲೆ ಆಲ್ಮಾ ಒಂದು ಕೆಲಸ ಮಾಡಿಕೊಂಡಳು. ಮುಂದಿನ ಬುಧವಾರ ಮುಂಜಾನೆ ಪತ್ರಿಕೆ ಕೈಗೆ ತೆಗೆದುಕೊಂಡರೆ ಕೊನೆಯ ಪುಟದ ನಟ್ಟನಡುವೆ ಜಾಮಿನ ಕಲೆ! ಟಟರ್ಸಾಲ್‌ನ ಹೆಂಡತಿ ತಿಂಡಿ ತಿನ್ನುತ್ತ ಗಿರಾಕಿಗಳ ಪ್ರತಿಯನ್ನು ಮುಂಚೆ ತಾನು ಓದುತ್ತಾಳೆಂಬ ಗುಮಾನಿ ಇದ್ದೇ ಇತ್ತು.

“ಏನ್ರೀ ಇದು? ರೇಷನ್ನಲ್ಲಿ ಸಿಗೋದೇ ಒಂದು ಚಮಚ ಜಾಮು. ಅದನ್ನೂ ತಂದು ನನ್ ಡೆರಿಕ್ ಮೇಲೆ ಸುರಿದಿದಾರಲ್ಲ ನಿಮ್ಮ ಮನೆಯವ್ರು!”

“ಮಿಸೆಸ್ ಎಂಟ್‌ವಿಸಲ್, ಅಕ್ಷರ ಕಾಣುತ್ತಲ್ಲ, ಓದ್ಕೊಳಿ.”

“ನೆಕ್ಕಿ ಓದ್ಕೊಳ್ಲಾ? ನಿಮ್ ಪತ್ರಿಕೇನೂ ಬೇಡ, ನಿಮ್ ಅಂಗಡೀನೂ ಬೇಡ. ನನ್ ಹೆಸರು ಹೊಡೆದ್ಹಾಕ್ರೀ!”

ಪತ್ರಿಕೆಯನ್ನು ಅವನ ಮುಂದೆಯೇ ಎಸೆದು, ಮರದಟ್ಟೆಯ ಬೂಟು ಕಟಕಟಾಯಿಸುತ್ತ ಹೊರಬಂದಳು. ಯುದ್ಧಕ್ಕೆ ಮುಂಚೆಯೂ ಹೀಗೆ ಎಷ್ಟೋ ಸಲ ಹೆಸರು ಹೊಡೆಸಿದ್ದಳು. ಮುಂದಿನ ವಾರ ಅವನೂ ಏನೂ ನಡೆಯದವನ ಹಾಗೆ ಪತ್ರಿಕೆ ಕೊಡುತ್ತಿದ್ದ, ಇವಳೂ ಏನೂ ನಡೆಯದವಳ ಹಾಗೆ ತೆಗೆದುಕೊಳ್ಳುತ್ತಿದ್ದಳು. ಬ್ರಾಕ್‌ಡನ್ನಿನಲ್ಲಿ ವ್ಯಾಪಾರ ನಡೆಯುವುದೇ ಹಾಗೆ. ಆದರೆ ಇದು ಕಾಗದಕ್ಕೆ ಬರ ಬಂದ ಕಾಲ. ಅವಳು ಬೀದಿ ತಿರುಗುವಷ್ಟರಲ್ಲಿ ಟಟರ್ಸಾಲ್ ಆ ಜಾಗವನ್ನು ಕಾಯುತ್ತಿದ್ದ ಬೇರೊಬ್ಬರಿಗೆ ಕೊಟ್ಟಾಗಿತ್ತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ?

ಗಿರಣಿಗೆ ಬಂದು ಮಗ್ಗ ಶುರುಮಾಡಿ ತಲೆಯೆತ್ತಿದರೆ ಏಳು ಜೋಡಿ ಕಣ್ಣು ಅವಳ ಬಾಯಿಯ ಮೇಲೆ. ಕ್ಲಾರಿಸ್‌ಳ ಕಣ್ಣಂತೂ ನುಂಗುವ ಹಾಗಿತ್ತು. ಆಗ ಆಲ್ಮಾಳಿಗೆ ನೆನಪಾಯಿತು, ತಾನು ಒಂದು ಸಾಲೂ ಓದಿಲ್ಲವೆಂದು. ಅವಳು ಕಳೆದದ್ದು ತನ್ನೊಬ್ಬಳ ಪತ್ರಿಕೆಯಲ್ಲ, ಎಂಟು ಜನರ ಪತ್ರಿಕೆ. ನಿಜ ಹೇಳೋಣವೆಂದು ಬಾಯಿ ತೆರೆದಳು. ತುಟಿಯ ಮೇಲೆ ಬಂದದ್ದು ಮಾತ್ರ ಬೇರೆ.

“ದೋಣಿ ಒಂದು ದ್ವೀಪಕ್ಕೆ ತಾಗ್ತು. ಡೆರಿಕ್‌ಗೆ ಕಾಲು ಮುರಿದಿದೆ. ಆದ್ರೆ ಕುಡಿಯೋಕೆ ಸಿಹಿನೀರು ಸಿಕ್ಕಿದೆ.”

ಕ್ಲಾರಿಸ್ ಕಣ್ಣು ಮುಚ್ಚಿ, ನಿಂತಲ್ಲೇ ನಿಟ್ಟುಸಿರು ಬಿಟ್ಟಳು.

ಮುಂದಿನ ವಾರ ಆಲ್ಮಾ ನಗುಮುಖ ಹೊತ್ತು ಟಟರ್ಸಾಲ್‌ನ ಅಂಗಡಿಗೆ ಹೋದಳು. ಅವನು ಕೈಯಾಡಿಸಿಬಿಟ್ಟ. ಜಾಗ ಯಾರಿಗೆ ಹೋಯಿತೆಂದೂ ಹೇಳಲಿಲ್ಲ. ಅವಳು ಖಾಲಿ ಕೈಯಲ್ಲಿ ಗಿರಣಿಗೆ ಬಂದು ಡೆರಿಕ್‌ನಿಗೆ ಒಂದು ಗುಡಿಸಲು ಕಟ್ಟಿಕೊಟ್ಟಳು. ಅದರಾಚೆಯ ವಾರ ಅವನಿಗೊಂದು ಮೇಕೆ ಸಿಕ್ಕಿತು. ಪತ್ರಿಕೆ ಎಲ್ಲಿ ಎಂದು ಕೇಳಿದವರಿಗೆ, ಓದಿದ ಕೂಡಲೇ ಸರ್ಕಾರದ ರದ್ದಿಗೆ ಕೊಟ್ಟೆ ಎನ್ನುತ್ತಿದ್ದಳು. ಬೇಸಿಗೆ ಕಳೆಯಿತು, ಗಿರಣಿಗೆ ವರ್ಷಕ್ಕೊಮ್ಮೆ ಸಿಗುವ ಒಂದು ವಾರದ ರಜೆ ಕಳೆಯಿತು, ಚಳಿ ಬಂತು, ಕ್ರಿಸ್‌ಮಸ್ಸೂ ಬಂತು. ಡೆರಿಕ್ ಇನ್ನೂ ಸಮುದ್ರದಲ್ಲೇ. ಒಂದು ದ್ವೀಪದಿಂದ ಇನ್ನೊಂದಕ್ಕೆ, ಒಂದು ಜ್ವರದಿಂದ ಇನ್ನೊಂದಕ್ಕೆ.

“ಏನೇ ಇದು, ನೋಹನ ಹಡಗಾದ್ರೂ ಇಷ್ಟೊತ್ತಿಗೆ ದಡ ಮುಟ್ತಿತ್ತು!” ಎಂದು ಸಾಲಿನ ಕೊನೆಯಿಂದ ಬರ್ತಾ ತುಟಿ ಕೊಂಕಿಸಿದಳು. ಬರ್ತಾಳಿಗೆ ಯಾವುದರಲ್ಲೂ ತಾಳ್ಮೆಯಿಲ್ಲ, ಮೂರು ಗಂಡಂದಿರನ್ನು ನೋಡಿದವಳು. “ಆ ರೋಸಮಂಡ್ ಕತ್ತೆಗೆ ಊರಲ್ಲಿ ಬೇರೆ ಗಂಡು ಸಿಗ್ಲಿಲ್ವಾ?”

ಕ್ಲಾರಿಸ್ ಮಾತ್ರ ಏನೂ ಕೇಳುತ್ತಿರಲಿಲ್ಲ. ನೋಡುತ್ತಿದ್ದಳು, ಅಷ್ಟೆ.

ಆಲ್ಮಾಳಿಗೆ ಅದು ಬಾಯಿಗೆ ಬಿದ್ದ ಬಿಸಿತುಪ್ಪ. ಡೆರಿಕ್‌ನನ್ನು ಸಾಯಿಸಿದರೆ ಕ್ಲಾರಿಸ್ ಆ ಕ್ಷಣವೇ ಮಗನನ್ನು ಮಣ್ಣಿಗಿಟ್ಟಂತೆ. ಮನೆಗೆ ತಂದರೆ, ನಾಳೆ ವಿಲ್ಫ್ ಸತ್ತ ಸುದ್ದಿ ಬಂದರೆ, ಆ ತಾಯಿಗೆ ಯಾವ ಮುಖ ತೋರಿಸುವುದು? ರಾತ್ರಿ ಊಟಕ್ಕೆ ಆಲೂಗಡ್ಡೆ ಕಡುಬು ಮುಂದಿಟ್ಟುಕೊಂಡು ಕೂತಲ್ಲೇ ಕೂರುತ್ತಿದ್ದಳು. ಗಂಡನಿಗೆ ಎಲ್ಲ ಹೇಳಿಕೊಂಡಿದ್ದಳು, ಬೆನ್ನು ಕಿಟಕಿಗೆ ಮಾಡಿ.

“ನನ್ ಪಾರಿವಾಳ ಫ್ರಾನ್ಸಲ್ಲಿ ಬಿಟ್ರೆ ಒಂದೇ ದಿನಕ್ಕೆ ಮನೆ ಸೇರ್ತಿತ್ತು,” ಎಂದ ಸೆಪ್. “ನಿನ್ ಡೆರಿಕ್‌ಗೆ ಏನ್ ಬಂದಿದೆ ಧಾಡಿ?”

“ಅವ್ನಿಗೇನಿಲ್ಲ, ನಂಗೇ ಬಂದಿರೋದು. ಸುಳ್ಳು ಹೇಳೀ ಹೇಳೀ ನಾಲಿಗೆ ಕೊಳೀತಾ ಇದೆ ಸೆಪ್. ಅವ್ಳು ನಂಬಿ ಕೂತಿದಾಳೆ ಕಣೋ.”

“ಹಾಗಾದ್ರೆ ಟಟರ್ಸಾಲ್ ಕಾಲು ಹಿಡಿ. ಅಸಲಿ ಕಥೆ ಏನಾಯ್ತೋ ತಿಳ್ಕೋ. ಅದನ್ನೇ ಹೇಳು.”

ಕಾಲು ಹಿಡಿಯುವುದು ಆಲ್ಮಾಳ ವಂಶದಲ್ಲಿರಲಿಲ್ಲ. ಆದರೂ ಒಂದು ಶನಿವಾರ ಮಧ್ಯಾಹ್ನ, ಗಿರಣಿ ಬಿಟ್ಟ ಮೇಲೆ, ಶಾಲು ಬಿಗಿದುಕೊಂಡು ಹೋದಳು. ಟಟರ್ಸಾಲ್‌ನ ಮುಖ ನೋಡಿ ಬೇಡಲಾರದೆ ಕಿಟಕಿಯ ಕಡೆ ತಿರುಗಿ ನಿಂತಳು.

“ಮಿಸ್ಟರ್ ಟಟರ್ಸಾಲ್, ತಪ್ಪಾಯ್ತು. ಪತ್ರಿಕೆ ಕಳ್ಕೊಂಡಿದೀನಿ ಅಂತ ಸಾಲಲ್ಲಿ ಯಾರ್ಗೂ ಹೇಳಿಲ್ಲ. ಆವತ್ತಿಂದ ಇವತ್ತಿನವರ್ಗೂ ಎಲ್ಲಾ ನನ್ ತಲೇಲಿ ಹುಟ್ಟಿದ್ದು. ಆ ಕ್ಲಾರಿಸ್ ಮಗನ ಜೀವಾನೆಲ್ಲ ನನ್ ಡೆರಿಕ್ ಮೇಲಿಟ್ಟಿದಾಳೆ. ಹಳೇ ಪ್ರತಿ ಇದ್ರೆ ಕೊಡಿ, ಅವ್ನು ಬದುಕಿದ್ನಾ ಸತ್ನಾ ಹೇಳಿ. ನಂಗಿನ್ನು ಕೈಲಾಗಲ್ಲ.”

“ಹಳೇ ಪ್ರತಿಗಳೆಲ್ಲ ರದ್ದಿಗೆ ಹೋಗುತ್ತಮ್ಮಾ, ಸರ್ಕಾರದ ಹುಕುಂ,” ಎಂದ ಟಟರ್ಸಾಲ್. ಅವನ ದನಿಯಲ್ಲೂ ಮರುಕವಿತ್ತು. “ನಾನು ಕಥೆ ಗಿಥೆ ಓದಲ್ಲ. ನನ್ನಾಕೆ ಆವತ್ತಿಂದ ಪತ್ರಿಕೆ ಮುಟ್ಟೋದೇ ಬಿಟ್ಟಿದಾಳೆ. ಕಾಗದ ಸಲೀಸಾಗಿ ಸಿಗೋ ದಿನ ಬಂದ್ರೆ ಮೊದ್ಲು ನಿಮ್ ಹೆಸ್ರೇ ಬರ್ಕೋತೀನಿ.”

ಆಲ್ಮಾ ಕಣ್ಣೊರೆಸಿಕೊಂಡು ತಲೆಯೆತ್ತಿದಳು. ಬೀದಿಯ ಆಚೆ ಬದಿಯಲ್ಲಿ, ಮೀನಿನಂಗಡಿಯ ಸಾಲಿನಲ್ಲಿ, ಬುಟ್ಟಿ ಹಿಡಿದು ಕ್ಲಾರಿಸ್ ನಿಂತಿದ್ದಳು. ಗಾಜಿನಾಚೆಯಿಂದ ನೆಟ್ಟ ನೋಟದಲ್ಲಿ ಆಲ್ಮಾಳ ಬಾಯಿಯನ್ನೇ ನೋಡುತ್ತಿದ್ದಳು. ಮೂವತ್ತು ವರ್ಷ ಗಿರಣಿಯಲ್ಲಿ ದುಡಿದವಳು, ಕಿಟಕಿಗೆ ಮುಖ ಕೊಟ್ಟು ಗುಟ್ಟು ಹೇಳಿದ್ದಳು! ಅದೂ ಅಭ್ಯಾಸಬಲದಿಂದ ಒಂದೊಂದು ಮಾತಿಗೂ ಬಾಯಿ ಅಗಲಿಸಿ.

ಆಲ್ಮಾ ಶಾಲಿನಿಂದ ಬಾಯಿ ಮುಚ್ಚಿಕೊಂಡಳು. ಆಗ ಕ್ಲಾರಿಸ್‌ಳ ತುಟಿ ಆಡಿತು. ದನಿಯಿಲ್ಲ, ನಡುವೆ ಇಡೀ ಬೀದಿ, ಒಂದು ಹಾಲಿನ ಗಾಡಿ.

“ನಂಗೆ ಗೊತ್ತಿತ್ತು.”

ಆಲ್ಮಾ ಹೊರಗೆ ಬಂದು ಹೊಸ್ತಿಲಲ್ಲೇ ನಿಂತಳು. “ಯಾವಾಗಿಂದ?”

“ಹೋದ್ ಬೇಸಿಗೇಲಿ ದವಡೆ ಹಲ್ಲು ಕೀಳಿಸ್ದೆನಲ್ಲ, ಆವಾಗಿಂದ. ನಿನ್ ಪ್ರತಿ ಆ ಹಲ್ಲಿನ ಡಾಕ್ಟರ್ ಮನೆಗೆ ಹೋಗಿತ್ತು ಕಣೇ, ಟಟರ್ಸಾಲ್ ಕೊಟ್ಟಿದ್ನಂತೆ, ಕಾಯೋರು ಓದ್ಲಿ ಅಂತ ಬೆಂಚಿನ್ ಮೇಲೆ ಬಿದ್ದಿತ್ತು. ಅದ್ರಲ್ಲಿ ಡೆರಿಕ್ ಸತ್ತ. ಅಲೆ ತಂದು ದಡಕ್ಕೆ ಹಾಕ್ತು. ಆ ಬಿಕನಾಸಿ ರೋಸಮಂಡ್ ಮುಂದಿನ ವಾರವೇ ಅವ್ಳ ಆಸ್ಪತ್ರೆ ಡಾಕ್ಟರನ್ನ ಕಟ್ಕೊಂಡ್ಲು.”

“ಮತ್ತೆ... ಇಷ್ಟು ದಿನ ನೀನು...”

“ಬೆಂಚಿನ್ ಮೇಲೆ ಕೂತು ಹಲ್ಲು ನೋವಿಗೆ ಅನ್ನೋ ಹಾಗೆ ಅತ್ಬಿಟ್ಟೆ. ಆಮೇಲೆ ಬುಧವಾರ ಗಿರಣಿಗೆ ಬಂದ್ರೆ, ನಿನ್ ಬಾಯಲ್ಲಿ ಅವ್ನು ಮೇಕೆ ಹಾಲು ಕರೀತಾ ಇದಾನೆ!” ಕ್ಲಾರಿಸ್ ಬುಟ್ಟಿಯನ್ನು ಇನ್ನೊಂದು ಕೈಗೆ ಬದಲಿಸಿದಳು. “ಲಂಡನ್ನಿನ ಪತ್ರಿಕೆಯೋರು ಕೊಂದ್ರು. ಪಾದ್ರೀನೂ ಕೊಲ್ಲೋಕೆ ಬಂದಿದ್ದ. ಕೊಲ್ದೇ ಇರೋಳು ಇಡೀ ಊರಲ್ಲಿ ನೀನೊಬ್ಳು ಕಣೇ. ಈಗ ಕೈಲಾಗಲ್ಲ ಅಂದ್ರೆ ನಿನ್ ಲಾಳೀಲೇ ನಿಂಗೆ ಹೊಡೀತೀನಿ.”

ಮೀನಿನ ಸಾಲಿನಲ್ಲಿ ನಿಂತಿದ್ದ ಹೆಂಗಸರೆಲ್ಲ ಒಮ್ಮೆ ಆಚೆ, ಒಮ್ಮೆ ಈಚೆ ಕತ್ತು ತಿರುಗಿಸುತ್ತ ಎಲ್ಲವನ್ನೂ ಓದಿಯಾಗಿತ್ತು. ಅವರಲ್ಲಿ ಬರ್ತಾಳೂ ಇದ್ದಳು. ಅವಳು ಮೂಗೊರೆಸಿಕೊಂಡು, “ಬುಧವಾರ ಮೇಕೆಗೆ ಮರಿ ಹುಟ್ಸೇ,” ಎಂದಳು, ಜೋರಾಗಿ ದನಿಯಲ್ಲೇ.

ಆಮೇಲೆ ಆಲ್ಮಾಳಿಗೆ ಹೆದರಿಕೆ ಹೋಯಿತು. ಸಾಲಿಗೆ ಸಾಲೇ ಡೆರಿಕ್‌ನನ್ನು ಕಾಪಾಡಲು ನಿಂತಿತು. ಒಬ್ಬಳು ಅವನಿಗೆ ಉಲ್ಲನ್ ಕಾಲುಚೀಲ ಬೇಕೆಂದಳು, ಇನ್ನೊಬ್ಬಳು ದ್ವೀಪದಲ್ಲಿ ಹಾವು ಬೇಡವೆಂದಳು. ಬರ್ತಾ ಅವನಿಗೊಬ್ಬ ಎರಡನೇ ಹೆಂಡತಿಯನ್ನು ಕೊಡಿಸಲು ನೋಡಿದಳು. ಕ್ಲಾರಿಸ್ ಒಪ್ಪಲಿಲ್ಲ.

ಅದೇ ವರ್ಷದ ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ ಕ್ಲಾರಿಸ್ ಕೆಲಸಕ್ಕೆ ತಡವಾಗಿ ಬಂದಳು. ಎಂದೂ ತಡಮಾಡಿದವಳಲ್ಲ. ಮಗ್ಗಗಳೆಲ್ಲ ಬಡಿಯುತ್ತಿದ್ದವು, ನೆಲ ನಡುಗುತ್ತಿತ್ತು. ಅವಳು ಬಾಗಿಲಲ್ಲೇ ನಿಂತಳು. ತಲೆಯ ಮೇಲೆ ಶಾಲಿಲ್ಲ, ಕೈಯಲ್ಲೊಂದು ಸಣ್ಣ ಕಾರ್ಡು. ಆಲ್ಮಾ ಅವಳನ್ನು ಕಂಡದ್ದೇ ಕೈಯಲ್ಲಿದ್ದ ಲಾಳಿ ಕೆಳಗಿಟ್ಟಳು. ಕ್ಲಾರಿಸ್ ಬಾಯಿ ತೆರೆದಳು.

“ಬದ್ಕಿದಾನೆ. ಸೆರೇಲಿದಾನೆ. ವಿಲ್ಫ್ ಬದ್ಕಿದಾನೆ.”

ಆ ಗದ್ದಲದಲ್ಲಿ ದನಿಯೆತ್ತಿ ಕೂಗಿದ್ದರೂ ಯಾರಿಗೂ ಕೇಳುತ್ತಿರಲಿಲ್ಲ. ಆದರೆ ಇಡೀ ಗಿರಣಿ ಓದಿತು. ಹತ್ತಿರದವರು ಓದಿದರು, ಆಚೆಯ ಗೋಡೆಯ ಬಳಿಯವರು ಓದಿದರು. ಒಂದೊಂದೇ ಮಗ್ಗ ನಿಂತಿತು. ಏನು ಕೆಟ್ಟಿತೆಂದು ಮೇಸ್ತ್ರಿ ಓಡಿ ಬಂದ. ಕ್ಲಾರಿಸ್‌ಳ ಮುಖ ನೋಡಿ ಟೋಪಿ ತೆಗೆದು ನಿಂತುಬಿಟ್ಟ. ಆಲ್ಮಾ ಹೋಗಿ ಗೆಳತಿಯನ್ನು ಅಪ್ಪಿಕೊಂಡಳು. ಗಿರಣಿಯಲ್ಲಿ ಎಂದೂ ಒದ್ದೆಯಾಗದ ಕ್ಲಾರಿಸ್‌ಳ ಕಣ್ಣು ಆಗ ಹರಿಯತೊಡಗಿತು. ಇಬ್ಬರೂ ಹತ್ತಿಯ ನಾರು ಮೆತ್ತಿದ ಮುಖದಲ್ಲೇ ಅತ್ತರು.

ಅತ್ತು ಮುಗಿದ ಮೇಲೆ ಕ್ಲಾರಿಸ್ ಮೂಗೊರೆಸಿಕೊಂಡು ಹೇಳಿದಳು: “ಸರಿ, ಇನ್ನು ಬೇಕಾದ್ರೆ ನಿನ್ ಡೆರಿಕ್‌ನ ಸಾಯಿಸ್ಕೋ.”

“ನಿನ್ ಮಗ ಮನೆಗ್ ಬರ್ಲಿ ಮೊದ್ಲು. ಅಲ್ಲೀವರ್ಗೂ ನನ್ ಹುಡುಗನ ಮೈ ಮುಟ್ಟೋಕೆ ಬಿಡಲ್ಲ,” ಎಂದಳು ಆಲ್ಮಾ.

ವಿಲ್ಫ್ ಬಂದದ್ದು ಯುದ್ಧ ಮುಗಿದ ಮೇಲೆ, ಚಳಿಗಾಲದ ಹೊಸ್ತಿಲಲ್ಲಿ, ಎಲುಬಿನ ಗೂಡಾಗಿ. ಅವನು ರೈಲಿಳಿದ ವಾರದ ಬುಧವಾರವೇ ಡೆರಿಕ್ ಲಿವರ್‌ಪೂಲ್ ಬಂದರಿನಲ್ಲಿ ಇಳಿದ. ಜತೆಗೆ ಮೇಕೆಯೂ ಇಳಿಯಿತು. ರೋಸಮಂಡ್ ಓಡಿ ಬಂದಳು. ಸಾಲಿನವರೆಲ್ಲ ಅತ್ತು, ಮೇಕೆಯ ವಿಷಯಕ್ಕೆ ನಕ್ಕು, ಎರಡು ಮಗ್ಗದಲ್ಲಿ ಹಾಸಿನ ಎಳೆ ಹರಿದುಕೊಂಡು ಮೇಸ್ತ್ರಿಯ ಕೈಲಿ ಬೈಸಿಕೊಂಡರು.

ಟಟರ್ಸಾಲ್ ಮಾತಿಗೆ ತಪ್ಪುವವನಲ್ಲ. ಕಾಗದದ ಕಟ್ಟುಪಾಡು ಸಡಿಲವಾದ ದಿನವೇ ಆಲ್ಮಾಳ ಹೆಸರು ಮತ್ತೆ ಬರೆದುಕೊಂಡ. ‘ಚಿಮ್ನಿ ಕಾರ್ನರ್’ ಮತ್ತೆ ಮೈದುಂಬಿತು, ಬೆಕ್ಕಿಗೆ ಮುಂಚಿಗಿಂತ ಚೆಂದದ ಬಣ್ಣ ಬಂತು, ರಾಣಿಯ ಪಟ್ಟಾಭಿಷೇಕಕ್ಕೆ ವಿಶೇಷ ಸಂಚಿಕೆ ಬಂತು. ಆದರೆ ಮನೆಮನೆಗೆ ಟೆಲಿವಿಷನ್ ಬಂದು ಧಾರಾವಾಹಿ ಓದುವವರು ಕಡಿಮೆಯಾದರು. ಗಿರಣಿಯೂ ಮುಚ್ಚಿತು, ಮಗ್ಗಗಳನ್ನು ಸುತ್ತಿಗೆಯಿಂದ ಒಡೆದು ಗುಜರಿಗೆ ಹಾಕಿದರು. ಸೆಪ್ ಹೋದ. ಪಾರಿವಾಳಗಳನ್ನು ವಿಲ್ಫ್ ಸಾಕಿಕೊಂಡ. ಕೊನೆಗೆ ಪತ್ರಿಕೆಯೂ ಇನ್ನೊಂದು ಪತ್ರಿಕೆಯ ಹೊಟ್ಟೆ ಸೇರಿತು. ಕೊನೆಯ ಸಂಚಿಕೆಯಲ್ಲಿ ಬೆಕ್ಕು ಬೆನ್ನು ತಿರುಗಿಸಿ ಮಲಗಿತ್ತು.

ಆ ಬುಧವಾರ ಆಲ್ಮಾ ಅದನ್ನು ಮಡಿಲಲ್ಲಿಟ್ಟುಕೊಂಡು ಕಾಲುವೆಯ ಬದಿಯ ಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕ್ಲಾರಿಸ್. ಮಗ್ಗದ ಸದ್ದು ಇಬ್ಬರ ಕಿವಿಯನ್ನೂ ಎಂದೋ ತಿಂದುಹಾಕಿತ್ತು. ಹಾಗಾಗಿ ಆ ನಿಶ್ಶಬ್ದದಲ್ಲೂ ಒಬ್ಬರಿಗೊಬ್ಬರು ಮುಖ ತಿರುಗಿಸಿ ತುಟಿಯಲ್ಲೇ ಮಾತಾಡುತ್ತಿದ್ದರು.

“ನನ್ ಅವಳಿ ಹೋಯ್ತು ಕಣೇ,” ಎಂದಳು ಆಲ್ಮಾ. ಅವಳಿಗೆ ನಿಜಕ್ಕೂ ಸಂಕಟವಾಗಿತ್ತು. “ನನ್ ಜತೇಲೇ ಹುಟ್ಟಿತ್ತು.”

ಕ್ಲಾರಿಸ್ ಕೋಟಿನ ಜೇಬಿನಿಂದ ಪೆಪ್ಪರ್‌ಮಿಂಟ್ ತೆಗೆದು ಅವಳ ಕೈಗೊಂದು ಕೊಟ್ಟಳು, ತನ್ನ ಬಾಯಿಗೊಂದು ಹಾಕಿಕೊಂಡಳು. ಸ್ವಲ್ಪ ಹೊತ್ತು ಚೀಪಿದಳು. ಆಮೇಲೆ ಬೆಂಚಿನ ಮೇಲೆ ಪೂರ್ತಿ ಈ ಕಡೆ ತಿರುಗಿ, ಕಣ್ಣನ್ನು ಆಲ್ಮಾಳ ಬಾಯಿಯ ಮೇಲೆ ನೆಟ್ಟಳು.

“ಹೋದ್ರೆ ಹೋಗ್ಲಿ ಬಿಡೇ. ಇವತ್ತು ಬುಧವಾರ. ಡೆರಿಕ್‌ಗೆ ಮಕ್ಕಳಾದ್ವಾ ಇಲ್ವಾ, ಅದ್ ಹೇಳು.”